ಮೊದಲು ಯಾರ ರಕ್ತ ಪರೀಕ್ಷೆ ಆಗಬೇಕು?

ಪ್ರಶ್ನೆ: ನನಗೆ 24 ವರ್ಷ. ಸೇಡಂ ತಾಲ್ಲೂಕಿನವಳು. ಐದು ತಿಂಗಳ ಹಿಂದೆ ಸೋದರತ್ತೆಯ ಮಗನ ಜೊತೆ ಮದುವೆಯಾಗಿದೆ. ನನ್ನ ಗಂಡನ ಅಕ್ಕನನ್ನು ನಮ್ಮ ಚಿಕ್ಕಪ್ಪನಿಗೆ ಕೊಟ್ಟಿದ್ದಾರೆ. ಅವರಿಗೆ ಹುಟ್ಟಿದ ಇಬ್ಬರು ಮಕ್ಕಳು ತೀರಿಹೋದರು, ಒಂದು ಏಳು ತಿಂಗಳಿಗೆ, ಇನ್ನೊಂದು ಒಂಬತ್ತು ತಿಂಗಳಿಗೆ. ಎರಡೂ ಮಕ್ಕಳ ಮೈ ಮೆತ್ತಗಿತ್ತು, ಕುತ್ತಿಗೆ ನಿಲ್ಲಲೇ ಇಲ್ಲ. ಕೊನೆಗೆ ನ್ಯುಮೋನಿಯಾ ಅಂದರು. ನಡುವೆ ಹುಟ್ಟಿದ ಮಗಳು ಚೆನ್ನಾಗಿದ್ದಾಳೆ. ಇದು ಗಂಡನ ಮನೆಯ ಕಡೆಯದು, ನಮ್ಮ ಮನೆಯಲ್ಲಿ ಯಾರಿಗೂ ಹೀಗಾಗಿಲ್ಲ. ನಮಗೂ ಈಗ ಮಗು ಬೇಕು. ಒಬ್ಬ ಲ್ಯಾಬ್ ಪ್ರತಿನಿಧಿ ‘ನಿಮ್ಮಿಬ್ಬರಿಗೂ ಪೂರ್ತಿ ಜೆನೆಟಿಕ್ ಪ್ಯಾಕೇಜ್ ಮಾಡಿಸಿ, ಮೂವತ್ತು ಸಾವಿರ ಆಗುತ್ತದೆ, ಆಮೇಲೆ ಚಿಂತೆಯೇ ಇಲ್ಲ’ ಅನ್ನುತ್ತಿದ್ದಾರೆ. ಮಾಡಿಸಬೇಕಾ? ನಮ್ಮತ್ತೆ ‘ನಮ್ಮ ಕಾಲಕ್ಕ ಇವೆಲ್ಲ ಎಲ್ಲಿದ್ದವು, ನಾವು ಹಡದಿಲ್ಲೇನು’ ಅಂತಾರೆ. ಇನ್ನೊಂದು ವಿಷಯ, ಎರಡು ವರ್ಷದಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದರೂ ನನ್ನ ಹಿಮೋಗ್ಲೋಬಿನ್ ಏರುತ್ತಿಲ್ಲ. ರಿಪೋರ್ಟ್ ಜೊತೆಗಿಟ್ಟಿದ್ದೇನೆ. ಇಬ್ಬರಲ್ಲೂ ದೋಷ ಇದೆ ಅಂತ ಬಂದರೆ ಮಕ್ಕಳ ಆಸೆಯನ್ನೇ ಬಿಡಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಪೆನ್ನು ಹಿಡಿದುಕೊಂಡು ಓದಿದೆ. ಒಂದು ಓಪಿಡಿ ಚೀಟಿಯ ಹಿಂದೆ ನಿಮ್ಮ ಮನೆತನದ ನಕ್ಷೆ ಬರೆಯುತ್ತಾ ಹೋದೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಮದುವೆಗೆ ಒಂದು ಅಡ್ಡಗೆರೆ, ರಕ್ತಸಂಬಂಧದ ಮದುವೆಯಾದರೆ ಎರಡು. ಕಲಬುರಗಿಯಲ್ಲಿ ನನ್ನ ಹತ್ತಿರ ಮಗು ಬೇಕೆಂದು ಬರುವ ಯಾವ ಜೋಡಿಗಾದರೂ ನಾನು ಮೊದಲು ಮಾಡುವ ಕೆಲಸ ಇದೇ. ಒಂದು ರೂಪಾಯಿ ಖರ್ಚಿಲ್ಲ. ಜೊತೆಗೆ ಒಬ್ಬ ಅಜ್ಜಿ ಬಂದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಯಾರ ಮಗು ಯಾವಾಗ ಹೋಯಿತು, ಯಾರಿಗೆ ಬಸಿರು ನಿಲ್ಲಲಿಲ್ಲ, ಯಾರನ್ನು ಯಾರಿಗೆ ಕೊಟ್ಟರು ಅನ್ನುವುದೆಲ್ಲ ಅಜ್ಜಿಯರಿಗೆ ಬಾಯಿಪಾಠ.

ನಿಮ್ಮ ನಕ್ಷೆ ಮುಗಿದಾಗ ಕಂಡದ್ದು ಇದು. ಮೇಲೆ ನಿಮ್ಮ ಅಜ್ಜ, ಅಜ್ಜಿ. ಅವರ ಕೆಳಗೆ ಮೂವರು: ನಿಮ್ಮ ಅಪ್ಪ, ನಿಮ್ಮ ಸೋದರತ್ತೆ, ನಿಮ್ಮ ಚಿಕ್ಕಪ್ಪ. ಸೋದರತ್ತೆಯ ಮಗಳನ್ನು ಚಿಕ್ಕಪ್ಪನಿಗೆ ಕೊಟ್ಟರು. ಅದೇ ಸೋದರತ್ತೆಯ ಮಗನಿಗೆ ನಿಮ್ಮನ್ನು ತಂದುಕೊಂಡರು. ಎರಡೂ ಕಡೆ ಎರಡೆರಡು ಗೆರೆ. ನೀವು ‘ಇದು ಗಂಡನ ಮನೆಯ ಕಡೆಯದು’ ಎಂದು ಬರೆದಿದ್ದೀರಿ. ಆದರೆ ಆ ಮಕ್ಕಳ ತಂದೆ ನಿಮ್ಮ ಅಪ್ಪನ ಒಡಹುಟ್ಟಿದ ತಮ್ಮ. ಆ ಮಕ್ಕಳ ಅಜ್ಜಿ ನಿಮ್ಮ ಅಪ್ಪನ ಒಡಹುಟ್ಟು. ಹೇಳೋದಕ್ಕೆ ನನಗೂ ಕಷ್ಟ ಆಗುತ್ತದೆ, ಆದರೂ ಹೇಳಲೇಬೇಕು. ಇಲ್ಲಿ ಎರಡು ಮನೆ ಇಲ್ಲ. ಆ ಇಬ್ಬರು ಮಕ್ಕಳಿಗೆ ಬಂದದ್ದು ಬಹುಮಟ್ಟಿಗೆ ನಿಮ್ಮ ಅಜ್ಜ-ಅಜ್ಜಿಯ ಕಡೆಯಿಂದಲೇ ಇಳಿದು ಬಂದಿದೆ. ಅಂದರೆ ನಿಮ್ಮ ತವರಿನ ಕಡೆಯಿಂದ.

ಇದರಲ್ಲಿ ಯಾರ ತಪ್ಪೂ ಇಲ್ಲ. ನಿಮ್ಮ ಅಜ್ಜನಿಗೋ ಅಜ್ಜಿಗೋ ತಮ್ಮೊಳಗೆ ಏನಿತ್ತು ಅಂತ ತಿಳಿಯುವ ದಾರಿಯೇ ಇರಲಿಲ್ಲ. ನಮ್ಮೆಲ್ಲರಲ್ಲೂ ಇಂಥ ಒಂದೆರಡು ಕೆಟ್ಟ ಜೀನ್ ಸುಮ್ನೆ ಕೂತಿರುತ್ತವೆ, ನನ್ನಲ್ಲೂ ಇವೆ. ಒಂದೊಂದು ಜೀನ್‌ಗೂ ಎರಡು ಪ್ರತಿ, ಅಂದರೆ ಕಾಪಿ, ಇರುತ್ತದೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರನ್ನು ಕ್ಯಾರಿಯರ್ ಅಥವಾ ವಾಹಕರು ಅನ್ನುತ್ತೇವೆ. ಅವರು ರೋಗಿಗಳಲ್ಲ, ನೂರು ವರ್ಷ ಬಾಳಿದರೂ ಗೊತ್ತಾಗುವುದಿಲ್ಲ. ಒಂದೇ ಜೀನ್‌ನ ಇಬ್ಬರು ಕ್ಯಾರಿಯರ್ ಗಂಡ-ಹೆಂಡತಿಯಾದಾಗ ಮಾತ್ರ ತೊಂದರೆ. ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಕೆಟ್ಟ ಪ್ರತಿ ಹೋಗುವ ಸಾಧ್ಯತೆ ನೂರಕ್ಕೆ 25. ಪ್ರತಿ ಸಲವೂ ಅಷ್ಟೇ. ‘ಮೊದಲನೇದು ಹೋಯಿತು, ಇನ್ನು ಮೂರು ಚೆನ್ನಾಗಿರುತ್ತವೆ’ ಅಂತ ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಆ ಲೆಕ್ಕ ತಪ್ಪು. ನಿಮ್ಮ ಚಿಕ್ಕಪ್ಪನ ಮನೆಯಲ್ಲಿ ಎರಡು ಸಲ ಆಗಿದ್ದು, ನಡುವೆ ಹುಟ್ಟಿದ ಮಗಳು ಚೆನ್ನಾಗಿರುವುದು, ಎರಡೂ ಇದಕ್ಕೆ ಸರಿಹೊಂದುತ್ತವೆ.

ಈಗ ಆ ಮಕ್ಕಳ ವಿಷಯಕ್ಕೆ ಬರುತ್ತೇನೆ. ನ್ಯುಮೋನಿಯಾ ಅಂದವರು ಸುಳ್ಳು ಹೇಳಿರಲಿಕ್ಕಿಲ್ಲ. ಕೊನೆಗೆ ಜೀವ ತೆಗೆದದ್ದು ಅದೇ ಇರಬಹುದು. ಆದರೆ ಹುಟ್ಟಿದ ಕೆಲ ತಿಂಗಳಲ್ಲೇ ಮೈ ಮೆತ್ತಗಾಗಿ, ಕುತ್ತಿಗೆ ನಿಲ್ಲದೆ, ವರ್ಷ ತುಂಬುವ ಮೊದಲೇ ಉಸಿರಿನ ಸೋಂಕಿನಿಂದ ಒಂದೇ ತಾಯಿಯ ಎರಡು ಮಕ್ಕಳು ಹೋದರು ಅಂದರೆ, ನನಗೆ ಮೊದಲು ನೆನಪಾಗುವ ಹೆಸರು ಎಸ್‌ಎಂಎ, ಅಂದರೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ. ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ ಇದು.

ಇಂಥ ಮಗುವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮಲಗಿಸಿದರೆ ಕಾಲು ಕಪ್ಪೆಯ ಹಾಗೆ ಅಗಲಕ್ಕೆ ಬಿದ್ದಿರುತ್ತವೆ. ಕಂಕುಳಲ್ಲಿ ಕೈ ಹಾಕಿ ಎತ್ತಿದರೆ ಕೈಯಿಂದ ಜಾರಿಹೋಗುವ ಹಾಗಿರುತ್ತದೆ. ಅಳು ಸಣ್ಣದು, ಪಕ್ಕದ ಕೋಣೆಗೆ ಕೇಳುವುದಿಲ್ಲ. ಉಸಿರು ಎಳೆದಾಗ ಎದೆ ಒಳಗೆ ಹೋಗುತ್ತದೆ, ಹೊಟ್ಟೆ ಉಬ್ಬುತ್ತದೆ. ನಾಲಿಗೆಯ ಮೇಲೆ ಸಣ್ಣ ನಡುಕ ಓಡುತ್ತಿರುತ್ತದೆ. ಕಣ್ಣು ಮಾತ್ರ ಫಳಫಳ ಹೊಳೆಯುತ್ತಿರುತ್ತವೆ. ತಾಯಿ ಎತ್ತ ಹೋದರೂ ಅತ್ತಲೇ ತಿರುಗುತ್ತವೆ. ಗುರುತು ಹಿಡಿದು ನಗುತ್ತದೆ. ಬುದ್ಧಿಗೆ ಏನೂ ಆಗಿರುವುದಿಲ್ಲ. ನಿಮ್ಮ ನಾದಿನಿಯನ್ನು ಕೇಳಿ ನೋಡಿ, ಮಕ್ಕಳ ಕಣ್ಣು ಹೇಗಿದ್ದವು ಅಂತ. ಅವರು ಹೇಳುವ ಉತ್ತರ ನನಗೆ ಅರ್ಧ ರಿಪೋರ್ಟ್ ಇದ್ದ ಹಾಗೆ.

ಇದು ನನ್ನ ಅನುಮಾನ, ನಿರ್ಣಯ ಅಲ್ಲ. ಮಗು ಮೆತ್ತಗಿರುವುದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಎಸ್‌ಎಂಎ ಅಂತಲೇ ಇಟ್ಟುಕೊಂಡು ನಕ್ಷೆಯ ಮೇಲೆ ಲೆಕ್ಕ ಮಾಡೋಣ. ಚಿಕ್ಕಪ್ಪನೂ ನಾದಿನಿಯೂ ಕ್ಯಾರಿಯರ್ ಆಗಿರಲೇಬೇಕು. ನಾದಿನಿಗೆ ಅದು ಬಂದದ್ದು ಹೆಚ್ಚುಕಡಿಮೆ ಖಂಡಿತ ಅವರ ತಾಯಿಯಿಂದ, ಅಂದರೆ ನಿಮ್ಮತ್ತೆಯಿಂದ. ಹಾಗಾದರೆ ನಿಮ್ಮ ಗಂಡ ಕ್ಯಾರಿಯರ್ ಆಗಿರುವ ಸಾಧ್ಯತೆ ಎರಡಕ್ಕೆ ಒಂದು. ನಿಮ್ಮ ಅಪ್ಪನಿಗೂ ಎರಡಕ್ಕೆ ಒಂದು, ಅವರಿಂದ ನಿಮಗೆ ನಾಲ್ಕಕ್ಕೆ ಒಂದು. ಇಬ್ಬರೂ ಕ್ಯಾರಿಯರ್ ಆಗಿರುವುದು ಎಂಟಕ್ಕೆ ಒಂದು. ಮಗುವಿಗೆ ಕಾಯಿಲೆ ಬರುವುದು 32ಕ್ಕೆ ಒಂದು. ಸಂಬಂಧವಿಲ್ಲದ, ಮನೆಯಲ್ಲಿ ಇಂಥದ್ದು ಕಂಡಿರದ ಒಂದು ಜೋಡಿಗೆ ಎಷ್ಟು ಗೊತ್ತಾ? ಎಸ್‌ಎಂಎ ಕ್ಯಾರಿಯರ್‌ಗಳು ಸುಮಾರು 50 ಜನರಲ್ಲಿ ಒಬ್ಬರು ಅಂತ ಹಿಡಿದರೆ, ಅವರ ಮಗುವಿಗೆ 10,000ಕ್ಕೆ ಒಂದು. 32 ಎಲ್ಲಿ, 10,000 ಎಲ್ಲಿ! ಆದರೆ ಇದೇ ಲೆಕ್ಕವನ್ನು ತಿರುಗಿಸಿ ನೋಡಿ. 32ರಲ್ಲಿ 31 ಸಲ ಮಗುವಿಗೆ ಈ ಕಾಯಿಲೆ ಇರುವುದಿಲ್ಲ. ಪರೀಕ್ಷೆ ಮಾಡಿಸಿದರೆ ಈ ‘ಇರಬಹುದು, ಇಲ್ಲದಿರಬಹುದು’ ಅನ್ನುವುದೇ ಹೋಗುತ್ತದೆ. ಎಂಟರಲ್ಲಿ ಏಳು ಪಾಲು ನಿಮಗೆ ಸಿಗುವುದು ಸಮಾಧಾನದ ಸುದ್ದಿ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ: ಪರೀಕ್ಷೆ ಬೇಕು. ಬಸಿರಾಗುವ ಮೊದಲೇ ಬೇಕು. ಆದರೆ ಮೊದಲ ರಕ್ತ ನಿಮ್ಮದೂ ಅಲ್ಲ, ನಿಮ್ಮ ಗಂಡನದೂ ಅಲ್ಲ. ನಿಮ್ಮ ಚಿಕ್ಕಪ್ಪ ಮತ್ತು ನಾದಿನಿಯದು.

ಯಾಕೆ ಅಂತ ಹೇಳುತ್ತೇನೆ. ನಿಜವಾಗಿ ನಾವು ಮೊದಲು ನೋಡಬೇಕಾದದ್ದು ಕಾಯಿಲೆ ಇದ್ದ ಮಗುವಿನ ಜೀನ್. ಆ ಮಕ್ಕಳು ಈಗ ಇಲ್ಲ, ಅವರ ರಕ್ತವನ್ನು ಯಾರೂ ತೆಗೆದಿಟ್ಟಿಲ್ಲ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಕಾರಣ ತಿಳಿಯದೆ ಮಗು ಹೋಗುವ ಸ್ಥಿತಿಯಲ್ಲಿದ್ದಾಗ ಎರಡು ಎಂ.ಎಲ್. ರಕ್ತ ತೆಗೆದು ಡಿಎನ್‌ಎ ಇಟ್ಟಿದ್ದರೆ ವರ್ಷಗಳ ನಂತರವೂ ಉತ್ತರ ಸಿಗುತ್ತದೆ. ಆ ಹೊತ್ತಿನಲ್ಲಿ ತಂದೆತಾಯಿಗೆ ಅದು ಹೊಳೆಯುವುದಿಲ್ಲ, ಹೊಳೆಯಬೇಕಾದದ್ದು ನಮ್ಮಂಥ ವೈದ್ಯರಿಗೆ. ಆದರೆ ಎಸ್‌ಎಂಎಯಲ್ಲಿ ಒಂದು ಅನುಕೂಲ ಇದೆ. ಸುಮಾರು ನೂರಕ್ಕೆ 95 ಮಕ್ಕಳಲ್ಲಿ ದೋಷ ಒಂದೇ ಬಗೆಯದು, ಎಸ್‌ಎಂಎನ್1 ಅನ್ನುವ ಜೀನ್‌ನ ಒಂದು ತುಂಡೇ ಇರುವುದಿಲ್ಲ. ಹಾಗಾಗಿ ಮಗು ಇಲ್ಲದಿದ್ದರೂ ತಂದೆತಾಯಿಯ ರಕ್ತದಲ್ಲಿ ಆ ಜೀನ್ ಎಷ್ಟು ಪ್ರತಿ ಇದೆ ಅಂತ ಎಣಿಸಬಹುದು. ಎಂಎಲ್‌ಪಿಎ ಅನ್ನುವ ಪರೀಕ್ಷೆ. ಇಬ್ಬರಲ್ಲೂ ಒಂದೊಂದೇ ಪ್ರತಿ ಬಂದರೆ ಒಗಟು ಬಿಡಿಸಿದ ಹಾಗೆ. ಆಗ ನಿಮ್ಮಿಬ್ಬರಿಗೂ ಅದೇ ಒಂದು ಪರೀಕ್ಷೆ ಸಾಕು. ಅವರಿಬ್ಬರಲ್ಲೂ ಎರಡೆರಡು ಪ್ರತಿ ಬಂದರೆ ಎಸ್‌ಎಂಎ ಬಹುಮಟ್ಟಿಗೆ ಅಲ್ಲ ಅಂತ ಆಯಿತು. ಬಹುಮಟ್ಟಿಗೆ ಅಂತ ಯಾಕೆ ಹೇಳಿದೆ ಅಂದರೆ, ಕೆಲವೇ ಕೆಲವರಲ್ಲಿ ಎರಡೂ ಪ್ರತಿಗಳು ಒಂದೇ ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ಎಳೆ) ಮೇಲೆ ಕೂತು ಎಣಿಕೆಯಲ್ಲಿ ತಪ್ಪಿಸಿಕೊಳ್ಳುತ್ತವೆ. ಆಗ ದೊಡ್ಡ ಪರೀಕ್ಷೆಗೆ ಹೋಗಬೇಕು. ಆಗಲೂ ಮೊದಲು ಅವರಿಬ್ಬರಿಗೆ.

ಈಗ ಆ ಮೂವತ್ತು ಸಾವಿರದ ಪ್ಯಾಕೇಜ್. ಅದು ಮೋಸ ಅಂತ ನಾನು ಹೇಳುವುದಿಲ್ಲ. ನೂರಾರು ಜೀನ್‌ಗಳನ್ನು ಒಟ್ಟಿಗೆ ಓದುವ ಒಳ್ಳೆಯ ಪರೀಕ್ಷೆಗಳಿವೆ. ಮನೆಯಲ್ಲಿ ಏನೂ ಸುಳಿವಿಲ್ಲದ, ಆದರೆ ಹತ್ತಿರದ ಸಂಬಂಧದಲ್ಲಿ ಮದುವೆಯಾದ ಜೋಡಿಗೆ ನಾನೇ ಅದನ್ನು ಬರೆದುಕೊಡುತ್ತೇನೆ. ಆದರೆ ‘ಆಮೇಲೆ ಚಿಂತೆಯೇ ಇಲ್ಲ’ ಅನ್ನುವ ಮಾತು ಸರಿಯಲ್ಲ. ನಿಮ್ಮ ವಿಷಯದಲ್ಲಂತೂ ಅಪಾಯದ ಮಾತು. ಎಸ್‌ಎಂಎನ್1ಗೆ ಅವಳಿಯಂಥ ಇನ್ನೊಂದು ಜೀನ್ ಇದೆ, ಎಸ್‌ಎಂಎನ್2. ಜೀನ್‌ನ ಅಕ್ಷರಗಳನ್ನು ಓದುತ್ತಾ ಹೋಗುವ ಮಾಮೂಲಿ ಪರೀಕ್ಷೆಗೆ ಇವೆರಡನ್ನು ಬೇರ್ಪಡಿಸಿ ಎಣಿಸುವುದು ಕಷ್ಟ. ಪ್ಯಾಕೇಜಿನಲ್ಲಿ ಎಸ್‌ಎಂಎನ್1 ಪ್ರತಿಗಳ ಎಣಿಕೆ ಬೇರೆಯಾಗಿ ಸೇರಿದೆಯಾ ಅಂತ ಕೇಳದೆ ದುಡ್ಡು ಕಟ್ಟಿದರೆ, ನಿಮಗೆ ಯಾವುದು ಬೇಕಿತ್ತೋ ಅದೇ ಬಿಟ್ಟುಹೋಗಿ ‘ಎಲ್ಲಾ ನಾರ್ಮಲ್’ ಅನ್ನುವ ಹಾಳೆ ಕೈಗೆ ಬರಬಹುದು. ಇನ್ನೊಂದು ತೊಂದರೆ, ದೊಡ್ಡ ಪರೀಕ್ಷೆಯಲ್ಲಿ ‘ಈ ಬದಲಾವಣೆಯ ಅರ್ಥ ಸದ್ಯಕ್ಕೆ ಗೊತ್ತಿಲ್ಲ’ ಅನ್ನುವ ಸಾಲುಗಳು ಬರುತ್ತವೆ. ವಿವರಿಸುವವರು ಇಲ್ಲದಿದ್ದರೆ ಆ ಒಂದು ಸಾಲು ಮನೆಯವರ ನಿದ್ದೆ ಕೆಡಿಸುತ್ತದೆ. ಪರೀಕ್ಷೆಗೆ ಮೊದಲು ಒಮ್ಮೆ, ರಿಪೋರ್ಟ್ ಬಂದ ಮೇಲೆ ಒಮ್ಮೆ ಜೆನೆಟಿಕ್ ಕೌನ್ಸೆಲಿಂಗ್ ಇಲ್ಲದೆ ಯಾರೂ ಇದಕ್ಕೆ ಕೈ ಹಾಕಬೇಡಿ.

ಇಷ್ಟೆಲ್ಲ ಆದಮೇಲೆ ನಿಮ್ಮ ರಕ್ತದ ರಿಪೋರ್ಟ್. ನಿಮ್ಮ ಪತ್ರದಲ್ಲಿ ಇದು ಕೊನೆಗೆ ಬಂದ ಮಾತು, ಆದರೆ ನನ್ನ ಕಣ್ಣು ಅಲ್ಲೇ ನಿಂತಿತು. ಹಿಮೋಗ್ಲೋಬಿನ್ 10.4. ಎಂಸಿವಿ 63, ಅಂದರೆ ಕೆಂಪು ಕಣಗಳು ತುಂಬಾ ಸಣ್ಣವು, 80ರ ಮೇಲಿರಬೇಕು. ಕೆಂಪು ಕಣಗಳ ಎಣಿಕೆ ಮಾತ್ರ 55 ಲಕ್ಷ, ಅಂದರೆ 5.5 ಮಿಲಿಯನ್. ಕಬ್ಬಿಣದ ಕೊರತೆಯಲ್ಲಿ ಕಣಗಳು ಸಣ್ಣವೂ ಆಗುತ್ತವೆ, ಸಂಖ್ಯೆಯೂ ಇಳಿಯುತ್ತದೆ. ನಿಮ್ಮಲ್ಲಿ ಸಣ್ಣ ಕಣಗಳು ರಾಶಿ ರಾಶಿ ಇವೆ. 63ನ್ನು 5.5ರಿಂದ ಭಾಗಿಸಿದರೆ ಸುಮಾರು ಹನ್ನೊಂದೂವರೆ. ಇದು 13ಕ್ಕಿಂತ ಕಡಿಮೆ ಬಂದರೆ ನಾವು ಬೀಟಾ ಥಲಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶದಲ್ಲಿ ಇಳಿದು ಬರುವ ರಕ್ತದ ಕಾಯಿಲೆ) ಕ್ಯಾರಿಯರ್ ಇರಬಹುದು ಅಂತ ಅನುಮಾನಿಸುತ್ತೇವೆ. ಎರಡು ವರ್ಷ ಮಾತ್ರೆ ನುಂಗಿದರೂ ಏರದಿರುವುದು ಅನುಮಾನವನ್ನು ಇನ್ನೂ ಗಟ್ಟಿ ಮಾಡುತ್ತದೆ. ‘ರಕ್ತ ಕಮ್ಮಿ’ ಅಂತ ಮಾತ್ರೆ ಬರೆದು ಕಳಿಸುವುದು ನಮ್ಮ ಕಡೆ ರೂಢಿ. ನಮ್ಮ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ಅಷ್ಟು ಜಾಸ್ತಿ ಇರುವುದರಿಂದ ಬಹಳ ಸಲ ಅದು ಸರಿಯೂ ಆಗಿರುತ್ತದೆ. ಆದರೆ ಮೂರು ತಿಂಗಳು ಸರಿಯಾಗಿ ನುಂಗಿಯೂ ಏರದಿದ್ದರೆ ಮಾತ್ರೆ ಬದಲಾಯಿಸುವುದಲ್ಲ, ಪರೀಕ್ಷೆ ಬದಲಾಯಿಸಬೇಕು.

ನಿಮಗೆ ಬೇಕಾದದ್ದು ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಮತ್ತು ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ). ಎಚ್‌ಪಿಎಲ್‌ಸಿಯಲ್ಲಿ ಹಿಮೋಗ್ಲೋಬಿನ್ ಎ2 ಅನ್ನುವ ಅಂಕಿ ನೂರಕ್ಕೆ 3.5ಕ್ಕಿಂತ ಜಾಸ್ತಿ ಬಂದರೆ ಸಾಮಾನ್ಯವಾಗಿ ಕ್ಯಾರಿಯರ್ ಅಂತ ಅರ್ಥ. ಕಬ್ಬಿಣ ತೀರಾ ಕಮ್ಮಿ ಇದ್ದರೆ ಈ ಅಂಕಿ ಸುಳ್ಳೇ ಇಳಿಯಬಹುದು, ಅದಕ್ಕೇ ಫೆರಿಟಿನ್ ಜೊತೆಗಿರಲಿ. ಕುಡುಗೋಲು ಕಣ ಅಂದರೆ ಸಿಕಲ್ ಸೆಲ್ ದೋಷವೂ ಇದೇ ಎಚ್‌ಪಿಎಲ್‌ಸಿಯಲ್ಲಿ ಕಾಣುತ್ತದೆ. ಇದನ್ನು ನಿಮ್ಮ ಗಂಡನೂ ಅದೇ ದಿನ ಮಾಡಿಸಲಿ. ನಿಮ್ಮ ರಿಪೋರ್ಟ್ ಬರಲಿ, ಆಮೇಲೆ ನೋಡೋಣ ಅನ್ನಬೇಡಿ. ಒಂದು ಜೋಡಿ ನೆನಪಾಗುತ್ತದೆ. ಹೆಂಡತಿ ಕ್ಯಾರಿಯರ್ ಅಂತ ಬಸಿರಿನ ಮೂರನೇ ತಿಂಗಳಲ್ಲೇ ಒಂದು ಆಸ್ಪತ್ರೆಯಲ್ಲಿ ಗೊತ್ತಾಗಿತ್ತು. ಗಂಡನನ್ನು ಕರೆಯಿರಿ ಅಂತ ಯಾರೂ ಹೇಳಲಿಲ್ಲ. ಅವರು ಇಟ್ಟಂಗಿ ಭಟ್ಟಿಯ ಕೆಲಸಕ್ಕೆ ಹೊರಗೆ ಹೋಗಿದ್ದರು. ಮಗು ಏಳು ತಿಂಗಳದ್ದಾದಾಗ ಬೆಳ್ಳಗೆ ಸುಣ್ಣದ ಹಾಗಾಗಿ ನನ್ನ ಮುಂದೆ ಬಂತು. ಥಲಸೇಮಿಯಾ ಮೇಜರ್, ಅಂದರೆ ಎರಡೂ ಕೆಟ್ಟ ಪ್ರತಿ ಸೇರಿದಾಗ ಬರುವ ತೀವ್ರ ರೂಪ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಅದರಿಂದ ಮೈಯಲ್ಲಿ ತುಂಬುವ ಕಬ್ಬಿಣ ತೆಗೆಯಲು ದಿನಾ ಮಾತ್ರೆ ಬೇಕು. ಆ ಹುಡುಗ ಈಗ ಶಾಲೆಗೆ ಹೋಗುತ್ತಾನೆ, ಚುರುಕಾಗಿದ್ದಾನೆ. ಸೂಜಿ ಚುಚ್ಚುವ ಸಿಸ್ಟರ್‌ಗೆ ತಾನೇ ಒಳ್ಳೆಯ ನರ ತೋರಿಸುತ್ತಾನೆ. ಅದನ್ನು ನೋಡುವಾಗೆಲ್ಲ ಗಂಡನ ಆ ಒಂದು ರಕ್ತ ಪರೀಕ್ಷೆ ನೆನಪಾಗುತ್ತದೆ.

ಗಂಡನ ಎಚ್‌ಪಿಎಲ್‌ಸಿ ಮತ್ತು ಸಿಬಿಸಿ (ರಕ್ತಕಣಗಳ ಎಣಿಕೆ) ಎರಡೂ ಚೆನ್ನಾಗಿ ಬಂದರೆ ಥಲಸೇಮಿಯಾ ಮೇಜರ್ ಚಿಂತೆ ಬಿಡಬಹುದು. ನಿಮ್ಮಲ್ಲಿ ಕ್ಯಾರಿಯರ್ ಅಂತ ಬಂದರೂ ನಿಮ್ಮ ಆರೋಗ್ಯಕ್ಕೆ ಏನೂ ಧಕ್ಕೆ ಇಲ್ಲ. ಕಬ್ಬಿಣದ ಮಾತ್ರೆಯನ್ನು ಈಗಲೇ ನೀವಾಗಿ ನಿಲ್ಲಿಸಬೇಡಿ, ಫೆರಿಟಿನ್ ನೋಡಿ ವೈದ್ಯರು ಹೇಳಲಿ.

ನಿಮ್ಮತ್ತೆಯ ಮಾತಿಗೆ ಉತ್ತರ ಕೊಡುವಾಗ ಅವರನ್ನು ಸೋಲಿಸಲು ಹೋಗಬೇಡಿ. ಅವರ ಮಾತಿನಲ್ಲಿ ನಿಜವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ. ಅವರಲ್ಲಿ ಹೆಚ್ಚಿನವರಿಗೆ ಗಟ್ಟಿಮುಟ್ಟಾದ ಮಕ್ಕಳೇ ಹುಟ್ಟಿದ್ದಾರೆ. ಸಂಬಂಧವಿಲ್ಲದವರ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಹುಟ್ಟಿನಿಂದ ದೊಡ್ಡ ತೊಂದರೆ ಇರುತ್ತದೆ. ಅತ್ತೆ-ಮಾವನ ಮಕ್ಕಳು ಮದುವೆಯಾದರೆ ಅದು ನಾಲ್ಕರಿಂದ ಆರು ಆಗುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟರೆ ಇನ್ನೂ ಜಾಸ್ತಿ. ಏಳೆಂಟು ಹೆತ್ತು ಇಬ್ಬರನ್ನು ಕಳೆದುಕೊಳ್ಳುವುದು ಮಾಮೂಲಿಯಾಗಿದ್ದ ಕಾಲದಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ನಿಮ್ಮ ಮನೆಯಲ್ಲಿ ಎರಡು ಸಲ ಕಣ್ಣಿಗೆ ಬಿದ್ದಿದೆ. ಆ ಇಬ್ಬರೂ ನಿಮ್ಮತ್ತೆಯ ಮೊಮ್ಮಕ್ಕಳು. ಒಂದು ಮಗುವನ್ನಾದರೂ ಅವರು ತಮ್ಮ ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ಎರೆದಿರುತ್ತಾರೆ, ಅಲ್ವಾ? ಆ ಮೆತ್ತನೆ ಮೈ ಅವರ ಕೈಗೆ ಗೊತ್ತು. ‘ಹಂಗ ಇನ್ನೊಂದು ಸಲ ಆಗಬಾರ್ದು ಅಂತ ಮಾಡಿಸ್ತೀವಿ’ ಅನ್ನಿ. ಇದಕ್ಕಿಂತ ಬೇರೆ ವಾದ ಬೇಡ.

ನಿಮ್ಮ ಕೊನೆಯ ಪ್ರಶ್ನೆ. ಇಬ್ಬರಲ್ಲೂ ಒಂದೇ ದೋಷ ಬಂದರೆ ಮಕ್ಕಳ ಆಸೆ ಬಿಡಬೇಕಾಗಿಲ್ಲ. ದಾರಿಗಳಿವೆ. ಬಸಿರಾದ ಮೇಲೆ 11ರಿಂದ 14ನೇ ವಾರದೊಳಗೆ ಮಾಸಿನ ಸಣ್ಣ ತುಣುಕು ತೆಗೆದು ಮಗುವಿನ ಜೀನ್ ನೋಡಬಹುದು, ಅದಕ್ಕೆ ಸಿವಿಎಸ್ ಅನ್ನುತ್ತಾರೆ. ತಡವಾದರೆ 15ನೇ ವಾರದ ನಂತರ ಗರ್ಭದಲ್ಲಿ ಮಗುವಿನ ಸುತ್ತಲಿರುವ ನೀರು ತೆಗೆದು ನೋಡಬಹುದು. ಪಳಗಿದ ಕೈಯಲ್ಲಿ ಇದರಿಂದ ಬಸಿರು ಹೋಗುವ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ. ನಾಲ್ಕರಲ್ಲಿ ಮೂರು ಸಲ ಮಗುವಿಗೆ ಕಾಯಿಲೆ ಇಲ್ಲ ಅಂತಲೇ ಬರುತ್ತದೆ. ಇದೆ ಅಂತ ಬಂದರೆ ಮುಂದೇನು ಅನ್ನುವುದು ನಿಮ್ಮಿಬ್ಬರ ತೀರ್ಮಾನ. 2021ರ ತಿದ್ದುಪಡಿಯ ನಂತರ ಗರ್ಭಪಾತದ ಕಾನೂನು 20 ವಾರದವರೆಗೆ ಒಬ್ಬ ವೈದ್ಯರ, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅವಕಾಶ ಕೊಡುತ್ತದೆ. ಮಗುವಿಗೆ ಗಂಭೀರ ದೋಷ ಇದ್ದರೆ ಅದರಾಚೆಗೂ ಮೆಡಿಕಲ್ ಬೋರ್ಡ್ ಮುಂದೆ ಹೋಗಬಹುದು. ಬೇಡ, ಮಗುವನ್ನು ಹೆರುತ್ತೇವೆ ಅನ್ನುವವರೂ ಇದ್ದಾರೆ. ಅವರಿಗೂ ಮೊದಲೇ ಗೊತ್ತಿರುವುದು ಒಳ್ಳೆಯದು. ಎಸ್‌ಎಂಎಗೆ ಈಗ ಔಷಧಿಗಳಿವೆ, ಲಕ್ಷಣ ಕಾಣುವ ಮೊದಲೇ ಶುರು ಮಾಡಿದರೆ ಫಲ ತುಂಬಾ ಜಾಸ್ತಿ. ಆದರೆ ಒಂದೇ ಸಲ ಕೊಡುವ ಜೀನ್ ಚಿಕಿತ್ಸೆಯ ಬೆಲೆ ಸುಮಾರು 16 ಕೋಟಿ. ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರದ ನೆರವು 50 ಲಕ್ಷದವರೆಗೆ ಮಾತ್ರ. ಐವಿಎಫ್ ಮಾಡಿ, ಭ್ರೂಣದ ಹಂತದಲ್ಲೇ ಪರೀಕ್ಷಿಸಿ, ಕಾಯಿಲೆ ಇಲ್ಲದ್ದನ್ನು ಗರ್ಭಕ್ಕೆ ಇಡುವ ದಾರಿಯೂ ಇದೆ. ಲಕ್ಷಗಟ್ಟಲೆ ಖರ್ಚು, ಒಂದೇ ಸಲಕ್ಕೆ ನಿಲ್ಲುವ ಭರವಸೆ ಇಲ್ಲ. ದತ್ತು ಇದೆ. ಇವುಗಳಲ್ಲಿ ಯಾವುದು ಸರಿ ಅಂತ ನಾನು ಹೇಳುವುದಿಲ್ಲ, ಯಾವ ವೈದ್ಯರೂ ಹೇಳಬಾರದು.

ಒಂದು ಎಚ್ಚರಿಕೆ. ಈ ಯಾವ ಪರೀಕ್ಷೆಯಲ್ಲೂ ಗಂಡೋ ಹೆಣ್ಣೋ ಅಂತ ಹೇಳುವ ಹಾಗಿಲ್ಲ, ಕೇಳುವ ಹಾಗೂ ಇಲ್ಲ. 1994ರ ಕಾನೂನು ಅದನ್ನು ಅಪರಾಧ ಅನ್ನುತ್ತದೆ. ಬಸಿರಿನಲ್ಲಿ ಮಾಡುವ ಪರೀಕ್ಷೆಗೆ ನಿಮ್ಮ ಲಿಖಿತ ಒಪ್ಪಿಗೆ ಬೇಕು, ಕೇಂದ್ರ ನೋಂದಣಿ ಆಗಿರಬೇಕು.

ಎಲ್ಲಿ ಮಾಡಿಸುವುದು? ಸಿಬಿಸಿ ಸೇಡಂನಲ್ಲೇ ಆಗುತ್ತದೆ. ಎಚ್‌ಪಿಎಲ್‌ಸಿಗೆ ಕಲಬುರಗಿಯಲ್ಲಿ ರಕ್ತ ಕೊಡಬಹುದು, ಮೊದಲು ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್‌ನಲ್ಲಿ ವಿಚಾರಿಸಿ. ಹೊರಗಡೆಯಾದರೂ ಮೂವತ್ತು ಸಾವಿರದ ಹತ್ತಿರಕ್ಕೂ ಹೋಗುವ ಖರ್ಚಲ್ಲ. ಎಂಎಲ್‌ಪಿಎಗೆ ನೀವು ಊರು ಬಿಡಬೇಕಾಗಿಲ್ಲ. ನೇರಳೆ ಮುಚ್ಚಳದ ಸಣ್ಣ ಟ್ಯೂಬಿನಲ್ಲಿ ರಕ್ತ ತೆಗೆದು ದೊಡ್ಡ ಊರಿನ ಲ್ಯಾಬ್‌ಗೆ ಕಳಿಸುತ್ತಾರೆ. ಖಾಲಿ ಹೊಟ್ಟೆ ಬೇಕಿಲ್ಲ. ರಿಪೋರ್ಟ್ ಬರಲು ಎರಡು ಮೂರು ವಾರ ಹಿಡಿಯುತ್ತದೆ. ಕೌನ್ಸೆಲಿಂಗ್‌ಗೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ನಿಮಗೆ ಹತ್ತಿರ ಹೈದರಾಬಾದ್. ಸೇಡಂನಲ್ಲಿ ರೈಲು ಹತ್ತಿದರೆ ತಾಂಡೂರು, ವಿಕಾರಾಬಾದ್ ಮೇಲೆ ನೇರ ಸಿಕಂದರಾಬಾದ್ ಮುಟ್ಟುತ್ತೀರಿ. ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯಲ್ಲಿ ಇದಕ್ಕೇ ಒಂದು ವಿಭಾಗ ಇದೆ, ಉಪ್ಪಲ್‌ನ ಸಿಡಿಎಫ್‌ಡಿ ಅನ್ನುವ ಡಿಎನ್‌ಎ ಸಂಸ್ಥೆಯಲ್ಲಿ ಪರೀಕ್ಷೆಗಳಾಗುತ್ತವೆ. ಸಿವಿಎಸ್ ಬೇಕಾಗಿ ಬಂದರೂ ಅಲ್ಲಿಗೇ ಹೋಗಬಹುದು. ಯಾದಗಿರಿ ಕಡೆಯ ಓದುಗರಿಗೆ ಒಂದು ಮಾತು: 2019ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ‘ಉಮ್ಮೀದ್’ ಶುರು ಮಾಡಿದಾಗ ಗರ್ಭಿಣಿಯರ, ಹಸುಗೂಸುಗಳ ತಪಾಸಣೆಗೆ ಆರಿಸಿದ ಕೆಲವೇ ಜಿಲ್ಲೆಗಳಲ್ಲಿ ಯಾದಗಿರಿಯೂ ಇತ್ತು. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಈಗ ಏನೇನು ಸಿಗುತ್ತದೆ ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ.

ರಿಪೋರ್ಟ್‌ಗಳು ಕೈಗೆ ಬರುವ ತನಕ ಬಸಿರು ಮುಂದೂಡಿ. ಎರಡು ತಿಂಗಳ ಮಾತು ಅಷ್ಟೇ, ನಿಮಗಿನ್ನೂ 24. ಈ ನಡುವೆ ಫೋಲಿಕ್ ಆಸಿಡ್ ಶುರು ಮಾಡಿ, ದಿನಕ್ಕೆ ಕನಿಷ್ಠ 400 ಮೈಕ್ರೋಗ್ರಾಂ. ನಿಮಗೆ ಇನ್ನೂ ಜಾಸ್ತಿ ಬೇಕಾ ಅಂತ ನಿಮ್ಮ ವೈದ್ಯರು ಹೇಳುತ್ತಾರೆ.

ಚಿಕ್ಕಪ್ಪನ ಮಗಳಿಗೆ ಈಗಲೇ ಯಾವ ಕ್ಯಾರಿಯರ್ ಪರೀಕ್ಷೆಯೂ ಬೇಡ. ಅವಳು ಚೆನ್ನಾಗಿದ್ದಾಳೆ. ದೊಡ್ಡವಳಾದ ಮೇಲೆ, ಮದುವೆ ಮಾತಿಗೆ ಮೊದಲು, ಅವಳೇ ಕೇಳಿ ಮಾಡಿಸಿಕೊಳ್ಳಲಿ. ಯಾರ ರಿಪೋರ್ಟ್‌ನಲ್ಲಿ ಏನೇ ಬರಲಿ, ಅದು ಓಣಿಗೆ ಹೋಗದಿರಲಿ.

ನಾದಿನಿಯ ಹತ್ತಿರ ರಕ್ತ ಕೊಡಿ ಅಂತ ಹೇಳುವುದು ಸುಲಭ ಅಲ್ಲ, ನನಗೆ ಗೊತ್ತು. ಇಷ್ಟು ವರ್ಷ ‘ಅವಳ ಹೊಟ್ಟೆಯೇ ಸರಿಯಿಲ್ಲ’ ಅನ್ನುವ ಮಾತು ಅವರ ಕಿವಿಗೆ ಬಿದ್ದಿರುತ್ತದೆ. ಫೋನಿನಲ್ಲಿ ಹೇಳಬೇಡಿ. ನೀವೇ ಹೋಗಿ, ಗಂಡನನ್ನೂ ಕರೆದುಕೊಂಡು ಹೋಗಿ. ಚಿಕ್ಕಪ್ಪನೂ ಮನೆಯಲ್ಲಿರುವಾಗ ಹೋಗಿ, ಯಾಕಂದರೆ ಅರ್ಧ ಪಾಲು ಅವರದ್ದೂ ಇದೆ, ಅದನ್ನು ಅವರೂ ಕೇಳಿಸಿಕೊಳ್ಳಬೇಕು. ಈ ಉತ್ತರವನ್ನೇ ಓದಿ ಹೇಳಿದರೂ ಆದೀತು. ಅವರಿಗೆ ಇನ್ನೊಂದು ಮಗು ಬೇಕು ಅನ್ನುವ ಆಸೆ ಇದ್ದರೆ, ಈ ಪರೀಕ್ಷೆ ನಿಮಗಿಂತ ಮೊದಲು ಅವರಿಗೇ ಉಪಯೋಗಕ್ಕೆ ಬರುತ್ತದೆ.

ನಾಲ್ಕೂ ಜನ ಒಂದೇ ದಿನ ಬನ್ನಿ. ಮಕ್ಕಳನ್ನು ಸೇರಿಸಿದ್ದ ಆಸ್ಪತ್ರೆಯ ಹಳೆಯ ಚೀಟಿಗಳು, ಎಕ್ಸ್‌ರೇ, ಟ್ರಂಕಿನಲ್ಲೋ ಅಟ್ಟದ ಮೇಲೋ ಏನೇ ಇದ್ದರೂ ತನ್ನಿ. ಮೊಬೈಲಿನಲ್ಲಿ ಆ ಮಕ್ಕಳ ವಿಡಿಯೋ ಉಳಿದಿದ್ದರೆ ಅಳಿಸದೆ ಇಟ್ಟುಕೊಂಡು ಬನ್ನಿ. ಸಾಧ್ಯವಾದರೆ ನಿಮ್ಮತ್ತೆಯನ್ನೂ ಕರೆದುಕೊಂಡು ಬನ್ನಿ. ನಕ್ಷೆಯಲ್ಲಿ ನಿಮ್ಮ ಅಜ್ಜ-ಅಜ್ಜಿಯ ಮೇಲಿನ ಸಾಲು ಇನ್ನೂ ಖಾಲಿ ಇದೆ. ಅದನ್ನು ತುಂಬಲು ಅವರೇ ಬೇಕು.